ಕಾಸ್‌ಪ್ಲೇ ಫೋಟೋ ವಿಶ್ಲೇಷಣೆ: ವೇಷದ ವರ್ಣನೆ ಆಗಿಬಿಡುತ್ತಿದೆ, ಫೋಟೋ ಬಗ್ಗೆ ಬರೆಯುವುದು ಹೇಗೆ?

ಮೈಸೂರುಲೆನ್ಸ್

ಎಲ್ಲರಿಗೂ ನಮಸ್ಕಾರ. ವಿಷುಯಲ್ ಕಮ್ಯುನಿಕೇಶನ್ ಪದವಿಯ ನಾಲ್ಕನೇ ಸೆಮಿಸ್ಟರ್ ಪ್ರಾಜೆಕ್ಟ್‌ಗೆ ಕಾಸ್‌ಪ್ಲೇ ಫೋಟೋಗ್ರಫಿ ಆರಿಸಿಕೊಂಡಿದ್ದೇನೆ, ಅಂದರೆ ಕಾಮಿಕ್ಸ್, ಅನಿಮೆ (ಜಪಾನಿ ಆನಿಮೇಶನ್), ಆಟಗಳ ಪಾತ್ರದಂತೆ ವೇಷ ತೊಟ್ಟವರ ಫೋಟೋ. ಬೇರೆಯವರು ತೆಗೆದ ಮೂರು ಫೋಟೋಗಳನ್ನು ವಿಶ್ಲೇಷಿಸಬೇಕು, ಅದರಿಂದ ಕಲಿತದ್ದನ್ನು ಬಳಸಿ ನನ್ನದೇ ಆರು ಫೋಟೋ ತೆಗೆಯಬೇಕು. 2000 ಪದಗಳ ವರದಿ, ಆಮೇಲೆ ವೈವಾ.

ಮೊದಲನೆಯ ಫೋಟೋ: ಬೆಳ್ಳಿ ಬಣ್ಣದ ಕವಚ ತೊಟ್ಟ ಯೋಧೆ, ಹಳೇ ಕಲ್ಲಿನ ಮೆಟ್ಟಿಲ ಮೇಲೆ, ಮುಸ್ಸಂಜೆ, ಹಿಂದೆ ಕಡುನೀಲಿ ಆಕಾಶ. ಎರಡನೆಯದು ಅಭಿಮಾನಿಗಳ ಸಮಾವೇಶದ ಹಾಲ್‌ನಲ್ಲಿ ತೆಗೆದದ್ದು. ಕೆಂಪು ಕೋಟಿನ ಪಾತ್ರ, ಪೂರ್ತಿ ದೇಹ ಕಾಣುತ್ತದೆ, ಹಿಂದೆ ಜನ. ಮೂರನೆಯದು ಸ್ಟುಡಿಯೋದ್ದು: ಗುಲಾಬಿ ವಿಗ್, ಒಂದೇ ಬಣ್ಣದ ಹಿನ್ನೆಲೆ, ಸೊಂಟದವರೆಗೆ. ಮೂರೂ ಇನ್‌ಸ್ಟಾಗ್ರಾಂನಿಂದ ಸಿಕ್ಕಿದವು, ಕ್ಯಾಮೆರಾ ವಿವರ ಯಾವುದಕ್ಕೂ ಇಲ್ಲ.

ಮೊದಲ ಕರಡು ನೋಡಿದ ಗೈಡ್ "ವೇಷದ ವರ್ಣನೆ ಆಯಿತು, ಫೋಟೋ ಎಲ್ಲಿ?" ಎಂದರು. ಬೆಳಕು, ಲೆನ್ಸ್ ಇವನ್ನೆಲ್ಲ ಚಿತ್ರ ನೋಡಿಯೇ ಹೇಗೆ ಕಂಡುಹಿಡಿಯುವುದು? ಮೂಲ ಪಾತ್ರದ ಚಿತ್ರದ ಜೊತೆ ಹೋಲಿಕೆ ಹೇಗೆ? ಹಿನ್ನೆಲೆಯಾಗಿ ಯಾವ ಛಾಯಾಗ್ರಾಹಕರನ್ನು ಓದಬೇಕು, ಯಕ್ಷಗಾನದ ಜೊತೆ ಹೋಲಿಸಬಹುದೇ? ದಯವಿಟ್ಟು ತಿಳಿಸಿ.

ಬೆಳಕಿನಕೋಲು

ನಿಮ್ಮ ಗೈಡ್ ಕೇಳಿದ್ದು ಸರಿಯಾಗಿಯೇ ಇದೆ. ಕಾಸ್‌ಪ್ಲೇ ಫೋಟೋದಲ್ಲಿ ಮೂವರ ಕೆಲಸ ಒಂದರ ಮೇಲೊಂದು ಕೂತಿರುತ್ತದೆ: ಪಾತ್ರ ಬರೆದ ಕಲಾವಿದರದ್ದು, ವೇಷ ಕಟ್ಟಿಕೊಂಡವರದ್ದು, ಫೋಟೋ ತೆಗೆದವರದ್ದು. ನಿಮ್ಮ ವರದಿಯ ವಿಷಯ ಮೂರನೆಯವರ ಕೆಲಸ. ಪ್ರತಿ ವಾಕ್ಯ ಬರೆದಾಗಲೂ ಕೇಳಿಕೊಳ್ಳಿ: ಇದೇ ವೇಷವನ್ನು ಯಾರೋ ಎದುರು ನಿಂತು ಮೊಬೈಲ್‌ನಲ್ಲಿ ಕ್ಲಿಕ್ಕಿಸಿದ್ದರೂ ಈ ವಾಕ್ಯ ನಿಜವೇ? ಹೌದಾದರೆ ಅದು ವೇಷದ ವಾಕ್ಯ. ಅಂಥವು ಒಂದು ಫೋಟೋಗೆ ಎರಡು ಸಾಕು.

ಇನ್‌ಸ್ಟಾಗ್ರಾಂಗೆ ಹಾಕಿದ ಚಿತ್ರದಲ್ಲಿ ಎಕ್ಸಿಫ್ (ಕ್ಯಾಮೆರಾ ಫೈಲ್‌ನಲ್ಲೇ ಬರೆದಿಡುವ ಲೆನ್ಸ್, ಶಟರ್ ವಿವರ) ಉಳಿಯುವುದಿಲ್ಲ. ಹಾಗಾಗಿ ಚಿತ್ರದೊಳಗೆ ಸಿಗುವ ಪುರಾವೆಯೇ ಆಧಾರ. ಬೆಳಕಿನಿಂದ ಶುರು ಮಾಡಿ. ಕಣ್ಣುಗುಡ್ಡೆಯ ಮೇಲಿನ ಬಿಳಿ ಚುಕ್ಕೆ, ಅಂದರೆ ಕ್ಯಾಚ್‌ಲೈಟ್, ಗಡಿಯಾರದ ಯಾವ ಅಂಕಿಯ ಜಾಗದಲ್ಲಿದೆ ನೋಡಿ. 10 ಗಂಟೆಯ ಜಾಗದಲ್ಲಿದ್ದರೆ ದೀಪ ಕ್ಯಾಮೆರಾದ ಎಡಕ್ಕೆ, ಕಣ್ಣಿಗಿಂತ ಮೇಲೆ. ಚೌಕವಾಗಿದ್ದರೆ ಸಾಫ್ಟ್‌ಬಾಕ್ಸ್ (ದೀಪದ ಮುಂದೆ ಬಿಳಿ ಬಟ್ಟೆ ಕಟ್ಟಿದ ಪೆಟ್ಟಿಗೆ) ಅಥವಾ ಕಿಟಕಿ, ಗುಂಡಗಿದ್ದರೆ ಛತ್ರಿ (ದೀಪದ ಬೆಳಕು ಹರಡುವ ಕೊಡೆ) ಅಥವಾ ಬ್ಯೂಟಿ ಡಿಶ್ (ತಟ್ಟೆಯಾಕಾರದ ಪ್ರತಿಫಲಕ), ಬಳೆಯಂತಿದ್ದರೆ ರಿಂಗ್ ಲೈಟ್. ಕೆಳಗೆ 6 ಗಂಟೆಯ ಬಳಿ ಮಸುಕಾಗಿ ಇನ್ನೊಂದು ಕಂಡರೆ ರಿಫ್ಲೆಕ್ಟರ್ (ಬೆಳಕು ತಿರುಗಿಸುವ ಹಲಗೆ) ಇಟ್ಟಿರಬಹುದು. ಕಾಸ್‌ಪ್ಲೇಯಲ್ಲಿ ಒಂದು ಎಚ್ಚರಿಕೆ ಬೇಕು. ಬಣ್ಣದ ಕಾಂಟ್ಯಾಕ್ಟ್ ಲೆನ್ಸ್‌ಗಳ ಮೇಲೆ ವಿನ್ಯಾಸ ಅಚ್ಚಾಗಿರುತ್ತದೆ. ಎಡಿಟಿಂಗ್‌ನಲ್ಲಿ ಅನಿಮೆ ಕಣ್ಣಿನಂತೆ ಕಾಣಲೆಂದು ಚುಕ್ಕೆ ಬರೆಯುವವರೂ ಬಹಳ. ಎರಡು ಕಣ್ಣಲ್ಲೂ ಚುಕ್ಕೆ ಒಂದೇ ಜಾಗದಲ್ಲಿ ಇದೆಯೇ, ಅದು ಮೂಗಿನ ನೆರಳಿಗೆ ಹೊಂದುತ್ತದೆಯೇ ಎಂದು ತಾಳೆ ನೋಡಿ. ಚುಕ್ಕೆ ಎಡದಲ್ಲಿದ್ದು ಮೂಗಿನ ನೆರಳೂ ಎಡಕ್ಕೇ ಬಿದ್ದಿದ್ದರೆ ಎರಡರಲ್ಲಿ ಒಂದು ಸುಳ್ಳು, ಅಥವಾ ಎರಡನೇ ದೀಪ ಇದೆ.

ನೆರಳಿನ ಅಂಚು ದೀಪದ ಗಾತ್ರ ಹೇಳುತ್ತದೆ. ವಿಗ್‌ನ ಮುಂಗೂದಲು ಹಣೆಯ ಮೇಲೆ ಬೀಳಿಸುವ ನೆರಳು ಇದಕ್ಕೆ ಅತ್ಯುತ್ತಮ ಜಾಗ. ಒಂದೊಂದು ಎಳೆಯ ನೆರಳೂ ಗೆರೆ ಎಳೆದಂತಿದ್ದರೆ ಬರಿಯ ಫ್ಲ್ಯಾಶ್ ಅಥವಾ ನೇರ ಬಿಸಿಲು. ಕಲೆಸಿದಂತೆ ಕರಗಿದ್ದರೆ ದೊಡ್ಡ ದೀಪ, ಅದೂ ಹತ್ತಿರದಲ್ಲಿ. ದೊಡ್ಡದು ಎಂಬುದು ದೂರಕ್ಕೆ ಸಂಬಂಧಿಸಿದ ಮಾತು: 60 ಸೆಂ.ಮೀ. ಸಾಫ್ಟ್‌ಬಾಕ್ಸ್ ಮುಖದಿಂದ 70 ಸೆಂ.ಮೀ. ದೂರದಲ್ಲಿ ಮೃದು, 4 ಮೀಟರ್‌ಗೆ ಒಯ್ದರೆ ಹೆಚ್ಚುಕಡಿಮೆ ಬರಿಯ ಫ್ಲ್ಯಾಶ್‌ನಷ್ಟೇ ಗಡುಸು.

ನಿಮ್ಮ ಮೊದಲ ಫೋಟೋದಲ್ಲಿ ಆಕಾಶ ಕಡುನೀಲಿ, ಮುಖ ಸಹಜ ಬಣ್ಣದಲ್ಲಿ ಇದ್ದರೆ ಅದು ಹೀಗೆ ಆಗಿರಬಹುದು: ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನು ಬಿಳಿ ಎಂದು ತೋರಿಸಬೇಕೆಂಬ ಸೆಟ್ಟಿಂಗ್) 3200 ಕೆಲ್ವಿನ್ ಸುತ್ತ ಇಟ್ಟು, ಫ್ಲ್ಯಾಶ್‌ಗೆ ಕಿತ್ತಳೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಹಾಕಿದ್ದಾರೆ. ಸಂಜೆಯ ಬೆಳಕೆಲ್ಲ ನೀಲಿಗೆ ತಿರುಗುತ್ತದೆ, ಜೆಲ್ ಬಿದ್ದ ಮುಖ ಮಾತ್ರ ಸರಿಯಾಗಿ ಉಳಿಯುತ್ತದೆ. ಆಕಾಶವನ್ನು ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಕಡಿಮೆ ಎಕ್ಸ್‌ಪೋಸ್ ಮಾಡಿದರೆ ನೀಲಿ ಇನ್ನಷ್ಟು ಗಾಢ. ಎಡಿಟಿಂಗ್‌ನಲ್ಲಿ ಮಾಡಿದ್ದರೆ ಪತ್ತೆ ಹಚ್ಚಲು ಕವಚದ ಅಂಚು ನೋಡಿ. ಆಕಾಶಕ್ಕೆ ತಿರುಗಿದ ಭಾಗಗಳಲ್ಲಿ ನೀಲಿ ಛಾಯೆ ಇಲ್ಲದೆ ಆಕಾಶ ಮಾತ್ರ ನೀಲಿ ಇದ್ದರೆ ಆಕಾಶವನ್ನು ಪ್ರತ್ಯೇಕವಾಗಿ ಬಣ್ಣಿಸಿದ್ದಾರೆ ಅಥವಾ ಬದಲಿಸಿದ್ದಾರೆ.

ಲೆನ್ಸ್ ಬಗ್ಗೆ "85 ಎಂಎಂ ಬಳಸಿದ್ದಾರೆ" ಎಂದು ಖಚಿತವಾಗಿ ಬರೆಯಬೇಡಿ, ವೈವಾದಲ್ಲಿ ಸಿಕ್ಕಿಬೀಳುತ್ತೀರಿ. ಮುಖದ, ದೇಹದ ಅನುಪಾತ ನಿರ್ಧರಿಸುವುದು ಕ್ಯಾಮೆರಾ ಎಷ್ಟು ದೂರವಿತ್ತು ಎಂಬುದು, ಲೆನ್ಸ್ ಅಲ್ಲ. ಅದನ್ನೇ ಅಂದಾಜಿಸಿ. ಚೌಕಟ್ಟು ಉದ್ದುದ್ದ ಬರುವಂತೆ ಕ್ಯಾಮೆರಾ ತಿರುಗಿಸಿ ಹಿಡಿದು, ಚೌಕಟ್ಟಿನ ಎತ್ತರಕ್ಕೆ 2 ಮೀಟರ್ ಜಾಗ ಹಿಡಿಯಬೇಕಾದರೆ, ಫುಲ್ ಫ್ರೇಮ್‌ನಲ್ಲಿ (36×24 ಮಿ.ಮೀ. ಸೆನ್ಸರ್) 35 ಎಂಎಂಗೆ ಸುಮಾರು 2 ಮೀಟರ್, 50ಕ್ಕೆ 2.8, 85ಕ್ಕೆ 4.8 ಮೀಟರ್ ದೂರ ನಿಲ್ಲಬೇಕು. ಸೆನ್ಸರ್ ಚಿಕ್ಕದಿರುವ ಎಪಿಎಸ್‌-ಸಿ ಕ್ಯಾಮೆರಾದಲ್ಲಿ 35ಕ್ಕೆ 3, 50ಕ್ಕೆ 4.3. ಎರಡನೇ ಫೋಟೋ ಜನಸಂದಣಿಯ ಹಾಲ್‌ನದ್ದು, ಅಲ್ಲಿ 5 ಮೀಟರ್ ಖಾಲಿ ಜಾಗ ಸಿಗುವುದು ಕಷ್ಟ. ತಲೆ ದೊಡ್ಡದಾಗಿ ಪಾದ ಚಿಕ್ಕದಾಗಿ ಕಂಡರೆ ಹತ್ತಿರದಿಂದ, ಕಣ್ಣಿನ ಎತ್ತರದಿಂದ ತೆಗೆದಿದ್ದಾರೆ ಎಂದರ್ಥ. ಕ್ಯಾಮೆರಾದ ಎತ್ತರಕ್ಕೂ ಸಾಕ್ಷಿ ಇರುತ್ತದೆ. ಹಿನ್ನೆಲೆಯ ದಿಗಂತ ರೇಖೆ, ಅಥವಾ ಹಾಲ್‌ನ ಗೋಡೆ ಗೆರೆಗಳು ಹಿಂದಕ್ಕೆ ಹೋಗಿ ಸೇರುವ ಬಿಂದು, ಪಾತ್ರದ ದೇಹದ ಯಾವ ಭಾಗದ ನೇರಕ್ಕಿದೆಯೋ ಕ್ಯಾಮೆರಾ ಆ ಎತ್ತರದಲ್ಲಿತ್ತು. ಇದು ಸಮನೆಲದಲ್ಲಿ ಮಾತ್ರ ಸರಿ. ಮೆಟ್ಟಿಲ ಮೇಲಿನ ಯೋಧೆಗೆ ಇದನ್ನು ಹಾಗೇ ಅನ್ವಯಿಸಬೇಡಿ.

ಕೊನೆಯದು ಡೆಪ್ತ್ ಆಫ್ ಫೀಲ್ಡ್. ಫುಲ್ ಫ್ರೇಮ್, 85 ಎಂಎಂ, ಎಫ್ 1.8, ಒಂದೂವರೆ ಮೀಟರ್ ದೂರ ಎಂದರೆ ಚೊಕ್ಕವಾಗಿ ಕಾಣುವ ಆಳ ಸುಮಾರು ಮೂರು ಸೆಂ.ಮೀ. ಅಷ್ಟೇ. ಮುಂದೆ ಚಾಚಿದ ಕತ್ತಿಯೂ ಕಣ್ಣೂ ಒಟ್ಟಿಗೆ ಚೊಕ್ಕ ಬರುವುದಿಲ್ಲ. ಬಂದಿದ್ದರೆ ಅಪರ್ಚರ್ (ಲೆನ್ಸ್‌ನ ಬೆಳಕಿನ ಕಿಂಡಿ; ಎಫ್ ಅಂಕಿ ಹೆಚ್ಚಾದಷ್ಟು ಚಿಕ್ಕದು) ಕಿರಿದು, ಅಥವಾ ಕ್ಯಾಮೆರಾ ದೂರ. ಕತ್ತಿ ಮಸುಕಾಗಿದ್ದರೆ ಅದು ಆಯ್ಕೆಯೋ ಅನಿವಾರ್ಯವೋ ಎಂದು ಚರ್ಚಿಸಿ. ಅಂಕ ಬರುವುದು ಇಂಥ ಜಾಗದಲ್ಲಿ.

ಫೋಮ್‌ಕವಚ

ಮೇಲಿನ ಉತ್ತರಕ್ಕೆ ವೇಷದ ಕಡೆಯಿಂದ ಒಂದು ಮುಖ್ಯ ವಿಷಯ ಸೇರಿಸಬೇಕು. ಬಿದ್ದ ಬೆಳಕು ಬೇರೆ, ಬಳಿದ ಬೆಳಕು ಬೇರೆ. ಇದನ್ನು ಬೇರ್ಪಡಿಸದೆ ಕವಚದ ಫೋಟೋ ಓದಲಾಗದು.

ಆ ಬೆಳ್ಳಿ ಕವಚ ಬಹುತೇಕ ರಬ್ಬರಿನಂಥ ಹಗುರ ಇವಿಎ ಫೋಮ್‌ನದ್ದಿರುತ್ತದೆ: ದೊಡ್ಡ ಭಾಗಗಳಿಗೆ 5 ಅಥವಾ 10 ಮಿ.ಮೀ. ಹಾಳೆ, ಅಲಂಕಾರದ ಅಂಚಿಗೆ 2 ಮಿ.ಮೀ. ಹೀಟ್ ಗನ್‌ನಿಂದ ಬಿಸಿ ಮಾಡಿ ಬಗ್ಗಿಸಿ, ರಂಧ್ರ ಮುಚ್ಚಲು ಪ್ರೈಮರ್ ಬಳಿದು, ಮೇಲೆ ಲೋಹದ ಬಣ್ಣ ಹೊಡೆಯುತ್ತಾರೆ. ಆಮೇಲೆ ಬಿರುಕು ಮೂಲೆಗಳಲ್ಲಿ ಕಪ್ಪು ತೊಳೆಬಣ್ಣ, ಉಬ್ಬಿದ ಅಂಚುಗಳ ಮೇಲೆ ಒಣ ಬ್ರಷ್‌ನಿಂದ ತಿಳಿ ಬೆಳ್ಳಿ. ಅಂದರೆ ಕ್ಯಾಮೆರಾ ಬರುವ ಮೊದಲೇ ಕವಚದ ಮೇಲೆ ನೆರಳು ಬೆಳಕು ಕೂತಿರುತ್ತದೆ. ಪರೀಕ್ಷೆ ಸುಲಭ: ಎಡ ಭುಜದ ಅಂಚು, ಬಲ ಭುಜದ ಅಂಚು ಹೋಲಿಸಿ. ದೀಪ ಒಂದೇ ಕಡೆ ಇದ್ದೂ ಎರಡೂ ಅಂಚು ಸಮವಾಗಿ ಹೊಳೆಯುತ್ತಿದ್ದರೆ ಆ ಹೊಳಪು ಬಣ್ಣದ್ದು. ಒಂದು ಕಡೆ ಮಾತ್ರ ಇದ್ದರೆ ದೀಪದ್ದು. ಎರಡನ್ನೂ ಕಲೆಸಿ "ಎರಡು ರಿಮ್ ಲೈಟ್ (ಹಿಂಬದಿಯಿಂದ ಅಂಚು ಬೆಳಗುವ ದೀಪ) ಬಳಸಿದ್ದಾರೆ" ಎಂದು ಬರೆಯುವ ತಪ್ಪು ಬಹಳ ಸಾಮಾನ್ಯ.

ಬಣ್ಣ ಹೊಡೆದ ಫೋಮ್ ಕನ್ನಡಿಯಂತೆ ವರ್ತಿಸುವುದಿಲ್ಲ, ಅದರ ಹೊಳಪು ಅಗಲವಾಗಿ ಹರಡಿಕೊಳ್ಳುತ್ತದೆ. ನಿಜವಾದ ಲೋಹದಲ್ಲಿ ಸಾಫ್ಟ್‌ಬಾಕ್ಸ್‌ನ ಆಕಾರವೇ ಎದ್ದು ಕಾಣುತ್ತದೆ. ಒಳ್ಳೆಯ ಛಾಯಾಗ್ರಾಹಕರು ಫೋಮ್‌ಗೆ ಹಿಂಬದಿಯಿಂದ ಅಂಚಿಗೆ ತಾಗುವ ಉದ್ದ ದೀಪ ಇಡುವುದು ಇದಕ್ಕೇ: ಓರೆಯಾಗಿ ತಾಗುವ ಬೆಳಕು ಹೆಚ್ಚು ಗಡುಸಾದ ಹೊಳಪು ಕೊಟ್ಟು ಲೋಹದ ಭ್ರಮೆ ಹುಟ್ಟಿಸುತ್ತದೆ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಅಂಟಿನ ಜೋಡಣೆ, ಫೋಮ್‌ನ ಮಂಕು ಎಲ್ಲ ಬಯಲು. ನಿಮ್ಮ ಫೋಟೋದಲ್ಲಿ ಜೋಡಣೆ ಗೆರೆ ಕಾಣುತ್ತಿಲ್ಲವಾದರೆ ಅದು ದೀಪದ ಕೋನದಿಂದಲೋ ಎಡಿಟಿಂಗ್‌ನಿಂದಲೋ ಎಂದು ಕೇಳಿ.

ಮೂರನೆಯ ಫೋಟೋದ ವಿಗ್: ಸಿಂಥೆಟಿಕ್ ನೂಲಿನ ಹೊಳಪು ಕೂದಲಿನ ಹೊಳಪಿಗಿಂತ ತೀಕ್ಷ್ಣ, ತಲೆಯ ಸುತ್ತ ಬಿಳಿ ಪಟ್ಟಿಯಾಗಿ ಬರುತ್ತದೆ. ಡ್ರೈ ಶಾಂಪೂ ಅಥವಾ ಬೇಬಿ ಪೌಡರ್ ಹಾಕಿ ಇದನ್ನು ತಗ್ಗಿಸುತ್ತಾರೆ. ಆದರೆ ಅನಿಮೆಯಲ್ಲಿ ಕೂದಲ ಮೇಲೆ ಇಂಥದ್ದೇ ಪಟ್ಟಿ ಬರೆದಿರುತ್ತಾರೆ, ಹಾಗಾಗಿ ಕೆಲವರು ಬೇಕೆಂದೇ ಉಳಿಸಿಕೊಳ್ಳುತ್ತಾರೆ. ಮೂಲ ಚಿತ್ರ ನೋಡದೆ ಇದನ್ನು ದೋಷ ಎನ್ನಬೇಡಿ. ಗುಲಾಬಿ ವಿಗ್ ಕೆನ್ನೆ, ಕತ್ತಿನ ಮೇಲೆ ಗುಲಾಬಿ ಛಾಯೆ ಚೆಲ್ಲುತ್ತದೆ. ಅದು ಪೂರ್ತಿ ಮಾಯವಾಗಿದ್ದರೆ ಎಡಿಟಿಂಗ್ ಆಗಿರಬಹುದು. ಚರ್ಮ ನುಣುಪು ಮಾಡಿದ್ದು ಎಷ್ಟೆಂದು ಗೊತ್ತಾಗುವ ಜಾಗ ಹಣೆಯ ಮೇಲೆ ವಿಗ್‌ನ ಲೇಸ್ ಮುಗಿಯುವ ಗೆರೆ, ಮತ್ತೆ ಕಿವಿಯ ಕೆಳಗಿನ ಕತ್ತು. ಮುಖದಲ್ಲಿ ರಂಧ್ರವೇ ಇಲ್ಲ, ಕತ್ತಿನಲ್ಲಿ ಇದೆ ಎಂದರೆ ಉತ್ತರ ಸಿಕ್ಕಿತು.

ಎರಡನೆಯದರ ಕೆಂಪು ಕೋಟು ಗಮನಿಸಿ. ಗಾಢ ಕೆಂಪು ಬಟ್ಟೆಯಲ್ಲಿ ಕೆಂಪು ಚಾನೆಲ್ (ಚಿತ್ರದ ಕೆಂಪು, ಹಸಿರು, ನೀಲಿ ಪದರಗಳಲ್ಲಿ ಕೆಂಪಿನದು) ಒಂದೇ ಮೊದಲು ತುಂಬಿ ಒಡೆಯುತ್ತದೆ. ಸಾಮಾನ್ಯ ಹಿಸ್ಟೋಗ್ರಾಂ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿಯಿದ್ದಂತೆ ಕಂಡರೂ ಬಟ್ಟೆಯ ನೆರಿಗೆ, ನೇಯ್ಗೆ ಅಳಿಸಿಹೋಗಿರುತ್ತದೆ. ನೀವು ತೆಗೆಯುವಾಗ ಆರ್‌ಜಿಬಿ ಹಿಸ್ಟೋಗ್ರಾಂ ಹಾಕಿಕೊಂಡು ಮೂರನೇ ಎರಡು ಸ್ಟಾಪ್ ಕಡಿಮೆ ಮಾಡಿ, ರಾ ಫೈಲ್‌ನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆಯಿರಿ.

ಚೌಕಟ್ಟು

ಮೂಲದ ಹೋಲಿಕೆ ಮತ್ತು ಹಿನ್ನೆಲೆ ಬಗ್ಗೆ ಬರೆಯುತ್ತೇನೆ.

ಹೋಲಿಕೆ ಎಂದರೆ "ಪಾತ್ರದಂತೆಯೇ ಇದೆ" ಎಂದು ಹೇಳುವುದಲ್ಲ. ಕಾಸ್‌ಪ್ಲೇಯರ್ ಯಾವ ನಿರ್ದಿಷ್ಟ ಚಿತ್ರ ನೋಡಿ ವೇಷ ಕಟ್ಟಿದರು ಎಂದು ಮೊದಲು ಪತ್ತೆ ಮಾಡಿ. ಮಂಗಾದ (ಜಪಾನಿ ಕಾಮಿಕ್ಸ್) ಪುಟ, ಅನಿಮೆಯ ಫ್ರೇಮ್, ಆಟದ ಪೋಸ್ಟರ್ ಮೂರರಲ್ಲೂ ಒಂದೇ ಪಾತ್ರ ಬೇರೆಬೇರೆ ಬೆಳಕಿನಲ್ಲಿ ಇರುತ್ತದೆ. ಆ ಚಿತ್ರವನ್ನೂ ಫೋಟೋವನ್ನೂ ಒಂದೇ ಎತ್ತರಕ್ಕೆ ತಂದು ಪಕ್ಕಪಕ್ಕ ಇಡಿ, ಎರಡರ ಮೇಲೂ ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ಮನೆ ಬರುವಂತೆ ಗೆರೆ ಎಳೆಯಿರಿ. ತಲೆ ಎಲ್ಲಿ, ಕೈ ಎಲ್ಲಿ, ಬೆನ್ನಿನ ಬಾಗು ಯಾವ ಕಡೆ, ಕಣ್ಣಿನ ಎತ್ತರ ಎಷ್ಟು. ಆಮೇಲೆ ಒಂದೇ ಪ್ರಶ್ನೆ: ಫೋಟೋಗ್ರಾಫರ್ ಏನನ್ನು ಉಳಿಸಿಕೊಂಡರು, ಏನನ್ನು ಕೈಬಿಟ್ಟರು? ಕೈಬಿಟ್ಟದ್ದರ ಬಗ್ಗೆ ಬರೆಯಲು ಹೆಚ್ಚು ಸಿಗುತ್ತದೆ.

ಉದಾಹರಣೆಗೆ, ಮಂಗಾದಲ್ಲಿ ಮುಷ್ಟಿಯೊಂದು ತಲೆಗಿಂತ ದೊಡ್ಡದಾಗಿ ಓದುಗರ ಕಡೆ ನುಗ್ಗುವಂತೆ ಬರೆದಿರುತ್ತಾರೆ. 85 ಎಂಎಂನಲ್ಲಿ 5 ಮೀಟರ್ ದೂರದಿಂದ ಅದೇ ಭಂಗಿ ತೆಗೆದರೆ ಮುಷ್ಟಿ ಮುಖದ ಮುಂದೆ ಸಪ್ಪೆಯಾಗಿ ನಿಲ್ಲುತ್ತದೆ. 24 ಎಂಎಂ ಹಾಕಿ, ಮುಷ್ಟಿ ಲೆನ್ಸ್‌ನಿಂದ 40 ಸೆಂ.ಮೀ., ಮುಖ 1 ಮೀಟರ್ ದೂರ ಬರುವಂತೆ ನಿಲ್ಲಿಸಿದರೆ ಮುಷ್ಟಿ ಎರಡೂವರೆ ಪಟ್ಟು ಹಿಗ್ಗುತ್ತದೆ. ಅದಕ್ಕೆ ತೆರುವ ಬೆಲೆಯೂ ಇದೆ, ಚೌಕಟ್ಟಿನ ಮೂಲೆಗೆ ಬಂದ ಕಾಲು, ಆಯುಧ ಎಳೆದಂತಾಗುತ್ತದೆ. ಇನ್ನು ಅನಿಮೆ ಫ್ರೇಮ್‌ನಲ್ಲಿ ನೆರಳಿಗೆ ಒಂದೇ ಗಡುಸು ಗೆರೆ, ನಡುವಿನ ಛಾಯೆ ಇಲ್ಲ. ಅದನ್ನು ಅನುಸರಿಸಲು ಸಣ್ಣ ಗಡುಸು ದೀಪ ಬೇಕು. ಹೆಚ್ಚಿನವರು ಚರ್ಮ ಚೆನ್ನಾಗಿ ಕಾಣಲೆಂದು ದೊಡ್ಡ ಮೃದು ದೀಪ ಆರಿಸುತ್ತಾರೆ. ಅಲ್ಲಿ ಪಾತ್ರಕ್ಕಿಂತ ವ್ಯಕ್ತಿಯ ಸೌಂದರ್ಯ ಗೆದ್ದಿದೆ ಎಂದು ನೀವು ವಾದಿಸಬಹುದು, ಸಾಕ್ಷಿ ಸಮೇತ.

ಹಿನ್ನೆಲೆ. ಪಾತ್ರಗಳ ವೇಷ ತೊಟ್ಟು ಅಭಿಮಾನಿಗಳ ಸಮಾವೇಶಕ್ಕೆ ಬರುವುದು 1939ರ ನ್ಯೂಯಾರ್ಕ್‌ನ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮಾವೇಶದಲ್ಲೇ ಕಾಣುತ್ತದೆ; ಅಭಿಮಾನಿಗಳಾದ ಮರ್ಟಲ್ ಡಗ್ಲಾಸ್ ಮತ್ತು ಫಾರೆಸ್ಟ್ ಅಕರ್‌ಮನ್ ಭವಿಷ್ಯದ ಉಡುಪು ತೊಟ್ಟು ಬಂದಿದ್ದರು, ಹೊಲಿದವರು ಡಗ್ಲಾಸ್. ಆದರೆ ಇಂದಿನ ಕಾಸ್‌ಪ್ಲೇ ಫೋಟೋದ ರೀತಿನೀತಿ ರೂಪುಗೊಂಡದ್ದು ಬಹುಪಾಲು ಜಪಾನಿನಲ್ಲಿ. 1975ರಲ್ಲಿ ಶುರುವಾದ ಟೋಕಿಯೋದ ಕಾಮಿಕ್ ಮಾರ್ಕೆಟ್, ಅಂದರೆ ಕಾಮಿಕೆಟ್, ಆಗಸ್ಟ್ ಮತ್ತು ಡಿಸೆಂಬರ್ ಕೊನೆಯಲ್ಲಿ ನಡೆಯುತ್ತದೆ. ಮನೆಯಿಂದಲೇ ವೇಷ ತೊಟ್ಟು ಬರುವಂತಿಲ್ಲ, ನೋಂದಾಯಿಸಿ ಅಲ್ಲೇ ಬದಲಿಸಿಕೊಳ್ಳಬೇಕು, ಗೊತ್ತುಪಡಿಸಿದ ಜಾಗದಲ್ಲಷ್ಟೇ ಫೋಟೋ. ಒಬ್ಬೊಬ್ಬರಾಗಿ ಸಾಲಿನಲ್ಲಿ ನಿಂತು ತೆಗೆಯುತ್ತಾರೆ. ಜನ ಹೆಚ್ಚಾದರೆ ಕಾಸ್‌ಪ್ಲೇಯರ್ ಸುತ್ತ ಅರ್ಧವೃತ್ತ ಕಟ್ಟಿ ಎಲ್ಲರೂ ಒಟ್ಟಿಗೆ ತೆಗೆಯುತ್ತಾರೆ, ಇದಕ್ಕೆ ಕಾಕೊಮಿ ಎನ್ನುತ್ತಾರೆ. ವ್ಯವಸ್ಥೆಯೇ ಚಿತ್ರವನ್ನು ರೂಪಿಸುತ್ತದೆ: ಸಾಲಿನಲ್ಲಿ ನಿಂತವರಿಗೆ ಸಿಗುವ ಅರ್ಧ ನಿಮಿಷದಲ್ಲಿ ಪೂರ್ತಿ ದೇಹದ ನೇರ ಚಿತ್ರವೇ ಹೆಚ್ಚು ಬರುತ್ತದೆ. ನಿಮ್ಮ ಎರಡನೇ ಫೋಟೋ ಓದುವಾಗ ಇದನ್ನು ತನ್ನಿ. ಅದನ್ನು ಸ್ಟುಡಿಯೋ ಫೋಟೋದ ಅಳತೆಯಲ್ಲಿ ಅಳೆದರೆ ಅನ್ಯಾಯ.

ಯಾರನ್ನು ಓದಬೇಕು ಎಂದರೆ ಮೂವರು ಸಾಕು. ಚೀನಾದ ಕಲಾವಿದೆ ತ್ಸಾವ್ ಫೇ 2004ರಲ್ಲಿ ಗ್ವಾಂಗ್‌ಝೌ ನಗರದ ಕಾಸ್‌ಪ್ಲೇಯರ್‌ಗಳ ಮೇಲೆ ವಿಡಿಯೋ ಮತ್ತು ಫೋಟೋ ಸರಣಿ ಮಾಡಿದರು. ವೇಷಧಾರಿಗಳು ನಗರದಲ್ಲಿ ಕಾದಾಡುತ್ತಾರೆ, ಆಮೇಲೆ ಅದೇ ವೇಷದಲ್ಲಿ ಮನೆಗೆ ಹೋಗಿ ಮನೆಯವರ ಜೊತೆ ಇರುತ್ತಾರೆ. ಹಿನ್ನೆಲೆ ಬದಲಾದರೆ ವೇಷದ ಅರ್ಥ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಅಮೆರಿಕದ ಕಲಾವಿದೆ ಸಿಂಡಿ ಶೆರ್ಮನ್ 1977ರಿಂದ 1980ರ ನಡುವೆ ತಾವೇ ವೇಷ ತೊಟ್ಟು ಸಿನಿಮಾ ಸ್ಟಿಲ್‌ನಂತೆ ತೆಗೆದ ಕಪ್ಪುಬಿಳುಪು ಚಿತ್ರಗಳಲ್ಲಿ ಯಾವ ನಿರ್ದಿಷ್ಟ ಸಿನಿಮಾವೂ ಇಲ್ಲ. ಮೂರನೆಯವರು ನಮ್ಮ ಬೆಂಗಳೂರಿನ ಪುಷ್ಪಮಾಲಾ ಎನ್. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಸರಣಿಯಲ್ಲಿ ರವಿವರ್ಮನ ಲಕ್ಷ್ಮಿ, ಬಿಜಾಪುರದ ಯೋಗಿನಿ ಚಿತ್ರ, ಪೊಲೀಸ್ ದಾಖಲೆಯಂಥ ಫೋಟೋ, ಹೀಗೆ ಇರುವ ಚಿತ್ರಗಳನ್ನೇ ತಮ್ಮ ಮೈಮೇಲೆ ಮತ್ತೆ ಕಟ್ಟಿದರು. ಅವರು ಕಾಸ್‌ಪ್ಲೇ ಮಾಡಿದ್ದಾರೆ ಎಂದು ಬರೆಯಬೇಡಿ, ಅದು ತಪ್ಪು. ಆದರೆ ಮೂಲ ಚಿತ್ರ ಖಚಿತವಾಗಿ ಗೊತ್ತಿದ್ದು ಅದನ್ನು ದೇಹ, ಬಟ್ಟೆ, ಬೆಳಕಿನಿಂದ ಮರುಕಟ್ಟುವ ಕೆಲಸ ಎರಡಕ್ಕೂ ಸಮಾನ. ಕಾಸ್‌ಪ್ಲೇ ಫೋಟೋ ಹೊಲಿಗೆ, ಅಂಟು ಅಡಗಿಸಿ ಭ್ರಮೆ ಪೂರ್ಣಗೊಳಿಸಲು ನೋಡುತ್ತದೆ. ಇವರ ಚಿತ್ರದಲ್ಲಿ ಬಣ್ಣದ ಪರದೆ, ಸ್ಟುಡಿಯೋದ ಕೃತಕತೆ ಕಾಣುವಂತೆಯೇ ಇದೆ. ಆ ವ್ಯತ್ಯಾಸವೇ ನಿಮಗೆ ಒಂದು ಪುಟದ ವಿಷಯ.

ಯಕ್ಷಗಾನದ ಹೋಲಿಕೆ ಬೇಡ ಅನ್ನಿಸುತ್ತದೆ. ಅಲ್ಲಿ ವೇಷಕ್ಕೆ ಪರಂಪರೆಯ ಕಟ್ಟುಪಾಡು ಇದೆ, ಅನುಕರಿಸಬೇಕಾದ ಒಂದು ಮೂಲ ಚಿತ್ರ ಇಲ್ಲ. "ನಮ್ಮಲ್ಲೂ ಹಿಂದಿನಿಂದ ಇತ್ತು" ಎಂಬ ಸಾಲು ಬರೆದು ಮುಗಿಸುವುದಾದರೆ ಎರಡಕ್ಕೂ ನ್ಯಾಯ ಸಿಗುವುದಿಲ್ಲ. ಛಾಯಾಗ್ರಹಣದ ಪ್ರಶ್ನೆ ಇದ್ದರೆ ಮಾತ್ರ ತನ್ನಿ: ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರಗಳ, ಚುಟ್ಟಿ (ಅಕ್ಕಿಹಿಟ್ಟಿನಿಂದ ಇಡುವ ಚುಕ್ಕೆಗಳು) ಮುಖದಿಂದ ಉಬ್ಬಿ ನಿಲ್ಲುತ್ತದೆ, ಬದಿಯ ಬೆಳಕಿನಲ್ಲಿ ಒಂದೊಂದು ಚುಕ್ಕೆಗೂ ನೆರಳು ಬರುತ್ತದೆ, ಎದುರಿನ ಫ್ಲ್ಯಾಶ್ ಅದನ್ನು ಚಪ್ಪಟೆ ಮಾಡುತ್ತದೆ. ಫೋಮ್ ಕವಚದ ಸಮಸ್ಯೆಯೂ ಅದೇ.

ಮೈಸೂರುಲೆನ್ಸ್

ಮೂವರಿಗೂ ತುಂಬಾ ಧನ್ಯವಾದ. ಎರಡನೇ ಫೋಟೋ ಬಗ್ಗೆ ಮತ್ತೆ ಬರೆದ ಪ್ಯಾರಾ ಇದು, ತಿದ್ದಿಕೊಡಿ:

"ಈ ಫೋಟೋದಲ್ಲಿ ಕೆಂಪು ಕೋಟು ತುಂಬಾ ಆಕರ್ಷಕವಾಗಿದೆ. ಛಾಯಾಗ್ರಾಹಕರು ಫ್ಲ್ಯಾಶ್ ಬಳಸಿದ್ದಾರೆ. ಹಿನ್ನೆಲೆಯಲ್ಲಿ ಜನರಿರುವುದರಿಂದ ಗಮನ ಚದುರುತ್ತದೆ. ಭಂಗಿ ಪಾತ್ರಕ್ಕೆ ತಕ್ಕಂತಿದೆ."

ಇನ್ನೊಂದು ಪ್ರಶ್ನೆ. ನನ್ನ ಆರು ಫೋಟೋಗಳನ್ನು ಬೆಂಗಳೂರು ಕಾಮಿಕ್ ಕಾನ್ ಸಮಾವೇಶದಲ್ಲಿ ತೆಗೆಯುವ ಯೋಚನೆ. ಕ್ಯಾಮೆರಾ ಎಪಿಎಸ್‌-ಸಿ, 18-55 ಮತ್ತು 50 ಎಂಎಂ ಎಫ್ 1.8 ಲೆನ್ಸ್, ಒಂದು ಸ್ಪೀಡ್‌ಲೈಟ್ (ಕ್ಯಾಮೆರಾ ಮೇಲೆ ಕೂರಿಸುವ ಸಣ್ಣ ಫ್ಲ್ಯಾಶ್) ಇದೆ. ಅನುಮತಿ, ಕಾಪಿರೈಟ್ ಹೇಗೆ?

ಬೆಳಕಿನಕೋಲು

ನಾಲ್ಕು ವಾಕ್ಯದಲ್ಲಿ ಮೊದಲನೆಯದು ವೇಷದ್ದು, ತೆಗೆಯಿರಿ. ಎರಡನೆಯದು ಸಂಗತಿ, ಸಾಕ್ಷಿ ಇಲ್ಲ. ಮೂರನೆಯದು ತೀರ್ಪು, ಕಾರಣ ಅರ್ಧ. ನಾಲ್ಕನೆಯದನ್ನು ಯಾವ ಕಾಸ್‌ಪ್ಲೇ ಫೋಟೋಗೆ ಬೇಕಾದರೂ ಅಂಟಿಸಬಹುದು. ನೀವು ಮೊದಲು ಕೊಟ್ಟ ವಿವರ ಇಟ್ಟುಕೊಂಡು, ನೆರಳುಗಳು ಹೀಗಿವೆ ಎಂದುಕೊಂಡು ಬರೆದರೆ:

"ಪಾತ್ರದ ಗಲ್ಲದ ಕೆಳಗೆ ಸಣ್ಣ, ಗಡುಸು ಅಂಚಿನ ನೆರಳಿದೆ, ಕ್ಯಾಚ್‌ಲೈಟ್ ಕಣ್ಣಿನ ನಡುವಿಗಿಂತ ತುಸು ಮೇಲೆ ಒಂದೇ ಬಿಂದುವಾಗಿದೆ. ಹಾಗಾಗಿ ಬೆಳಕು ಕ್ಯಾಮೆರಾದ ಮೇಲೇ ಕೂರಿಸಿದ ಫ್ಲ್ಯಾಶ್‌ನದ್ದು. ಹಿಂದಿನ ಜನ ಪಾತ್ರಕ್ಕಿಂತ ಕತ್ತಲಾಗಿ, ಹಳದಿಹಸಿರು ಛಾಯೆಯಲ್ಲಿದ್ದಾರೆ: ಫ್ಲ್ಯಾಶ್ ಅವರನ್ನು ತಲುಪಿಲ್ಲ, ಅವರ ಮೇಲಿರುವುದು ಹಾಲ್‌ನ ದೀಪ. ಈ ಬಣ್ಣದ ಅಂತರವೇ ಕೆಂಪು ಕೋಟನ್ನು ಗುಂಪಿನಿಂದ ಬಿಡಿಸುತ್ತದೆ. ಜನ ಚೊಕ್ಕವಾಗಿಯೇ ಕಾಣುವುದರಿಂದ ಚಿತ್ರ ಪಾತ್ರದ ಲೋಕಕ್ಕಿಂತ ಸಮಾವೇಶದ ದಿನವನ್ನು ದಾಖಲಿಸುತ್ತದೆ."

ನಿಮ್ಮ ಫೋಟೋದಲ್ಲಿ ನೆರಳು ಬೇರೆ ರೀತಿ ಇದ್ದರೆ ವಾಕ್ಯವೂ ಬದಲಾಗಬೇಕು. ಕಂಡದ್ದು ಮೊದಲು, ಅದರಿಂದ ತಿಳಿಯುವುದು ಆಮೇಲೆ, ಅರ್ಥ ಕೊನೆಗೆ. ಖಚಿತವಿಲ್ಲದ ಕಡೆ "ಇರಬಹುದು" ಎನ್ನಲು ಸಂಕೋಚ ಬೇಡ.

ಹಾಲ್‌ದೀಪ

ಶೂಟಿಂಗ್ ಬಗ್ಗೆ. ಹಾಲ್‌ನಲ್ಲಿ ಮೊದಲ ಶತ್ರು ದೀಪಗಳ ಮಿಣುಕು. ನಮ್ಮ ವಿದ್ಯುತ್ 50 ಹರ್ಟ್ಸ್, ಅಗ್ಗದ ಎಲ್‌ಇಡಿ, ಟ್ಯೂಬ್‌ಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ ವೇಗ 1/250 ಸೆಕೆಂಡ್ ಇಟ್ಟರೆ ಚಿತ್ರದಲ್ಲಿ ಅಡ್ಡ ಪಟ್ಟಿ, ಫ್ರೇಮ್‌ನಿಂದ ಫ್ರೇಮ್‌ಗೆ ಬಣ್ಣ ಬದಲು. 1/100 ಇಡಿ. ಐಎಸ್‌ಒ (ಬೆಳಕಿಗೆ ಸಂವೇದನೆ) 400, ಎಫ್ 4, 1/100ರಲ್ಲಿ ಸಾಧಾರಣ ಹಾಲ್‌ನ ಹಿನ್ನೆಲೆ ಒಂದರಿಂದ ಒಂದೂವರೆ ಸ್ಟಾಪ್ ಕತ್ತಲಾಗಿ ನಿಲ್ಲುತ್ತದೆ. ಮುಖಕ್ಕೆ ಸ್ಪೀಡ್‌ಲೈಟ್ ಅನ್ನು ಕ್ಯಾಮೆರಾದಿಂದ ಬಿಡಿಸಿ, ಟ್ರಿಗರ್ (ದೂರದ ಫ್ಲ್ಯಾಶ್ ಹೊಡೆಸುವ ಸಾಧನ) ಹಾಕಿ, 60 ಸೆಂ.ಮೀ. ಬಿಳಿ ಛತ್ರಿಯ ಮೂಲಕ ಒಂದೂವರೆ ಮೀಟರ್ ದೂರದಿಂದ, ಕಣ್ಣಿಗಿಂತ ಅರ್ಧ ಮೀಟರ್ ಮೇಲೆ, 45 ಡಿಗ್ರಿ ಬದಿಯಿಂದ. ಪವರ್ 1/32ರಿಂದ ಶುರು ಮಾಡಿ ನೋಡಿಕೊಂಡು ಏರಿಸಿ ಇಳಿಸಿ. ಛತ್ರಿಯನ್ನು ಗೆಳೆಯರೊಬ್ಬರು ಹಿಡಿಯಲಿ. ಜನಸಂದಣಿಯಲ್ಲಿ ಸ್ಟ್ಯಾಂಡ್ ಎಡವಿ ಬೀಳುತ್ತದೆ, ಆಯೋಜಕರು ಒಪ್ಪದೆಯೂ ಇರಬಹುದು, ಆ ವರ್ಷದ ನಿಯಮ ನೋಡಿಕೊಳ್ಳಿ. ಬಾಗಿಲ ಹೊರಗಿನ ತೆರೆದ ನೆರಳು ಸಿಕ್ಕರೆ ಅದೇ ಮೇಲು, ಫ್ಲ್ಯಾಶ್ ಬೇಕಾಗದು.

ಪೂರ್ತಿ ದೇಹಕ್ಕೆ 18-55ನ್ನು 35ರಲ್ಲಿಟ್ಟು 3 ಮೀಟರ್ ದೂರ ನಿಂತು, ಕ್ಯಾಮೆರಾವನ್ನು ಸೊಂಟದ ಎತ್ತರಕ್ಕೆ ಇಳಿಸಿ. ಅರ್ಧ ದೇಹ, ಮುಖಕ್ಕೆ 50. ಶಿರಸ್ತ್ರಾಣ ಇದ್ದರೆ ಕಣ್ಣು ಕತ್ತಲಾಗುತ್ತದೆ, ಎದೆಯ ಮಟ್ಟದಲ್ಲಿ ಬಿಳಿ ಥರ್ಮೋಕೋಲ್ ಹಾಳೆ ಹಿಡಿಸಿ. ನೀಲಿ, ಹಸಿರು ಮೈಬಣ್ಣ ಬಳಿದವರಿದ್ದರೆ ಆಟೋ ವೈಟ್ ಬ್ಯಾಲೆನ್ಸ್ ದಾರಿ ತಪ್ಪುತ್ತದೆ. ಮೊದಲ ಫ್ರೇಮ್‌ನಲ್ಲಿ ಗ್ರೇ ಕಾರ್ಡ್ (ಬಣ್ಣ ಸರಿಹೊಂದಿಸಲು ಬಳಸುವ ಬೂದು ಹಾಳೆ) ಹಿಡಿಸಿ ತೆಗೆದುಕೊಳ್ಳಿ. ಹೊಳೆಯುವ ಎಲ್‌ಇಡಿ ಕತ್ತಿ ಇದ್ದರೆ ಹಾಲ್‌ನ ಕತ್ತಲ ಮೂಲೆ ಹುಡುಕಿ, ಐಎಸ್‌ಒ 1600, ಎಫ್ 2.8, 1/50ಕ್ಕೆ ಬಂದು, ಫ್ಲ್ಯಾಶ್ ಮೂರು ಸ್ಟಾಪ್ ತಗ್ಗಿಸಿ, ಇಲ್ಲವಾದರೆ ಕತ್ತಿ ಆರಿದಂತೆ ಬರುತ್ತದೆ. ಸಾಮಾನ್ಯ 18-55 ಕಿಟ್ ಲೆನ್ಸ್ 2.8ಕ್ಕೆ ತೆರೆಯುವುದಿಲ್ಲ, ಇದಕ್ಕೆ 50 ಹಾಕಿ.

ಪ್ರತಿಯೊಬ್ಬರ ಹತ್ತಿರವೂ ಅವರ ಮೊಬೈಲ್‌ನಲ್ಲಿರುವ ಮೂಲ ಚಿತ್ರ ತೋರಿಸಲು ಕೇಳಿ. ಭಂಗಿ ಅವರಿಗೆ ಗೊತ್ತಿರುತ್ತದೆ, ನೀವು ಕೈಯ ಬೆರಳು, ವಿಗ್‌ನ ಸಿಕ್ಕು, ಕಾಣಿಸುವ ಸೇಫ್ಟಿ ಪಿನ್ ನೋಡಿ ಹೇಳಿ. ಕೈ ಹಚ್ಚಿ ಸರಿಮಾಡಬೇಡಿ, ಬಾಯಲ್ಲಿ ಹೇಳಿ. ಕಾಂಟ್ಯಾಕ್ಟ್ ಲೆನ್ಸ್‌ನಲ್ಲಿ ಕಣ್ಣು ಒಣಗುತ್ತದೆ: ಕಣ್ಣು ಮುಚ್ಚಿಕೊಳ್ಳಲು ಹೇಳಿ, ಮೂರು ಎಣಿಸಿ ತೆರೆದಾಗ ಕ್ಲಿಕ್ ಮಾಡಿ. ಐದು ನಿಮಿಷಕ್ಕಿಂತ ಹೆಚ್ಚು ಹಿಡಿದಿಡಬೇಡಿ, ಫೋಮ್ ಒಳಗೆ ಸೆಕೆ ವಿಪರೀತ. ಆರು ಫೋಟೋಗಳನ್ನು ಆರು ಜನರದ್ದು ಮಾಡುವ ಬದಲು ಇಬ್ಬರದ್ದು ಮೂರು ಮೂರು ಮಾಡಿದರೆ ವಿಶ್ಲೇಷಣೆಯ ಜೊತೆ ಕಟ್ಟಲು ಸುಲಭ. ಒಂದೇ ಕವಚಕ್ಕೆ ಎದುರಿನ ಫ್ಲ್ಯಾಶ್, ಬದಿಯ ಛತ್ರಿ, ಹಿಂಬದಿಯ ಅಂಚು ಬೆಳಕು ಕೊಟ್ಟ ಮೂರು ಚಿತ್ರ ಪಕ್ಕಪಕ್ಕ ಇದ್ದರೆ ಪರೀಕ್ಷಕರಿಗೆ ಬೇರೆ ವಿವರಣೆ ಬೇಕಿಲ್ಲ.

ಅನುಮತಿ: ವೇಷ ತೊಟ್ಟು ಬಂದಿದ್ದಾರೆ ಎಂದರೆ ಫೋಟೋಗೆ ಒಪ್ಪಿದ್ದಾರೆ ಎಂದಲ್ಲ. ನ್ಯೂಯಾರ್ಕ್ ಕಾಮಿಕ್ ಕಾನ್ 2014ರಿಂದ ಇದನ್ನೇ ಫಲಕ ಹಾಕಿ ಸಾರಿದೆ. ಮೊದಲು ಕೇಳಿ, ಕಾಲೇಜಿನ ಪ್ರಾಜೆಕ್ಟ್‌ಗೆ ಎಂದು ತಿಳಿಸಿ, ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. 18 ವರ್ಷಕ್ಕಿಂತ ಚಿಕ್ಕವರಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು.

ಚೌಕಟ್ಟು

ಕಾಪಿರೈಟ್ ಬಗ್ಗೆ ಚಿಕ್ಕದಾಗಿ. ಫೋಟೋದ ಹಕ್ಕು ಸಾಮಾನ್ಯವಾಗಿ ತೆಗೆದವರದ್ದು, ವೇಷ ತೊಟ್ಟವರದ್ದಲ್ಲ; ಹಣ ಕೊಟ್ಟು ತೆಗೆಸಿದ್ದರೆ ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ತೆಗೆಸಿದವರದ್ದು. 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ವಿಮರ್ಶೆಗಾಗಿ ನ್ಯಾಯವಾದ ಬಳಕೆಗೆ ಅವಕಾಶ ಕೊಡುತ್ತದೆ, ಹಾಗಾಗಿ ಕಾಲೇಜಿಗೆ ಸಲ್ಲಿಸುವ ವಿಶ್ಲೇಷಣೆಯಲ್ಲಿ ಹಾಕಬಹುದು. ಪ್ರದರ್ಶನಕ್ಕೆ ಇಡುವುದಾದರೆ, ಆನ್‌ಲೈನ್ ಹಾಕುವುದಾದರೆ ಮೆಸೇಜ್ ಮಾಡಿ ಕೇಳಿ. ಕೇಳಿದ ನೆಪದಲ್ಲಿ ಲೆನ್ಸ್, ದೀಪದ ವಿವರವನ್ನೂ ವಿಚಾರಿಸಿ, ಆದರೆ ನಿಮ್ಮ ಊಹೆ ಬರೆದಿಟ್ಟ ಮೇಲೆ. ಊಹೆಗೂ ಉತ್ತರಕ್ಕೂ ಇರುವ ವ್ಯತ್ಯಾಸವನ್ನು ವರದಿಯಲ್ಲಿ ಹಾಗೇ ಹಾಕಿ. ಅಡಿಬರಹದಲ್ಲಿ ಕಾಸ್‌ಪ್ಲೇಯರ್, ಛಾಯಾಗ್ರಾಹಕ, ಪಾತ್ರ ಮತ್ತು ಮೂಲ ಕೃತಿ, ವೇಷ ಬೇರೆಯವರು ಕಟ್ಟಿದ್ದರೆ ಅವರ ಹೆಸರು, ಇಷ್ಟೂ ಇರಲಿ.

ಮುದ್ರಣಕ್ಕೆ ಒಂದು ಮಾತು. ಇನ್‌ಸ್ಟಾಗ್ರಾಂನಿಂದ ಇಳಿಸಿದ 1080 ಪಿಕ್ಸೆಲ್ ಅಗಲದ ಚಿತ್ರವನ್ನು 300 ಪಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) 9 ಸೆಂ.ಮೀ. ಅಗಲಕ್ಕಿಂತ ದೊಡ್ಡದು ಮಾಡಬೇಡಿ. ಕಣ್ಣಿನ ಚುಕ್ಕೆ, ವಿಗ್ ಗೆರೆ ತೋರಿಸಲು ಆ ಭಾಗವನ್ನಷ್ಟೇ ಕತ್ತರಿಸಿ ಪಕ್ಕದಲ್ಲಿ ಹಿಗ್ಗಿಸಿ ಹಾಕಿ, ಬಾಣದ ಗುರುತು ಇಡಿ. ನಿಮ್ಮ ಸ್ವಂತ ಆರನ್ನು 8×12 ಇಂಚಿನಲ್ಲಿ ಹಾಕಿಸಿ, ಅದಕ್ಕೆ 2400×3600 ಪಿಕ್ಸೆಲ್ ಸಾಕು. ಮ್ಯಾಟ್ ಕಾಗದ ಕೇಳಿ: ಗ್ಲಾಸಿ ಆದರೆ ಕೋಣೆಯ ದೀಪ ಕಾಗದದ ಮೇಲೆ ಹೊಳೆದು, ಕವಚದ ಮೇಲಿನ ಹೊಳಪು ಯಾವುದು ಎಂದು ತೋರಿಸುವುದೇ ಕಷ್ಟವಾಗುತ್ತದೆ.